ದಿಗ್ವ್ರತವೂ ಇಟಲಿಯ ಕಡಲತೀರವೂ

ಗೃಹಸ್ಥಧರ್ಮದಲ್ಲಿ ದಾಂಪತ್ಯಕ್ಕೆ ಗೌರವದ ಸ್ಥಾನವಿದೆ. ಸ್ವದಾರಸಂತೋಷವನ್ನು ಆಚಾರ್ಯರು ಅಣುವ್ರತಗಳಲ್ಲಿಯೇ ಎಣಿಸಿದ್ದಾರೆ. ಇಪ್ಪತ್ತೈದು ವರ್ಷ ಒಂದೇ ಒಲೆಯ ಅನ್ನವುಂಡು, ಒಂದೇ ಅಂಗಡಿಯ ಏರಿಳಿತಗಳನ್ನು ಸಹಿಸಿ, ಒಂದೇ ಜಿನಬಿಂಬದ ಮುಂದೆ ಕೈಮುಗಿದು ಬಾಳಿದ ದಂಪತಿಗಳು ತಮ್ಮ ವಿವಾಹದ ದಿನವನ್ನು ನೆನೆದು ಸಂತೋಷಪಟ್ಟರೆ ಅದರಲ್ಲಿ ದೋಷವೇನೂ ಇಲ್ಲ. ಆದ್ದರಿಂದ ಇಲ್ಲಿ ಎತ್ತುವ ಆಕ್ಷೇಪ ವಿವಾಹ ವಾರ್ಷಿಕೋತ್ಸವದ ಮೇಲಲ್ಲ. ದಂಪತಿಗಳ ಪ್ರೀತಿಯ ಮೇಲಂತೂ ಅಲ್ಲವೇ ಅಲ್ಲ. ಆ ಪ್ರೀತಿಗೆ ಇತ್ತೀಚೆಗೆ ಕಟ್ಟಲಾಗುತ್ತಿರುವ ಬೆಲೆಯ ಮೇಲೆ, ಮತ್ತು ಆ ಬೆಲೆ ತೆತ್ತ ಮೇಲೆ ಅದಕ್ಕೆ ಧರ್ಮದ ಮುದ್ರೆಯನ್ನೂ ಬೇಡುವ ಹೊಸ ರೂಢಿಯ ಮೇಲೆ ಈ ಆಕ್ಷೇಪ.

ಬಳ್ಳಾರಿ ನಗರದ ಬಟ್ಟೆ ವರ್ತಕರ ಮನೆಗಳಲ್ಲಾಗಲಿ, ಸಿರುಗುಪ್ಪದ ಭತ್ತ-ಅಕ್ಕಿಯ ವ್ಯಾಪಾರಸ್ಥರಲ್ಲಾಗಲಿ, ಕುರುಗೋಡಿನ ಕಿರಾಣಿ ಅಂಗಡಿಯವರಲ್ಲಾಗಲಿ ಹಿಂದೆ ಯಾತ್ರೆಯೆಂದರೆ ಶ್ರವಣಬೆಳಗೊಳ, ಮೂಡಬಿದಿರೆ, ಗಿರನಾರ, ಸಮ್ಮೇದ ಶಿಖರ್ಜಿ. ಬಳಿಕ ಊಟಿ, ಕಾಶ್ಮೀರಗಳು ಬಂದವು. ಅನಂತರ ಸಿಂಗಪುರ, ದುಬೈ. ಈಗ ಅನುಕೂಲವಂತರ ಮನೆಗಳಲ್ಲಿ ಮಾತು ಇಟಲಿಯ ಕಡಲತೀರಕ್ಕೆ ಬಂದು ನಿಂತಿದೆ. ಅಮಾಲ್ಫಿ, ಪೊಸಿಟಾನೊ, ರವೆಲ್ಲೊ, ಚಿಂಕ್ವೆ ತೆರ್ರೆ ಎಂಬ ಹೆಸರುಗಳು ನಾಲಿಗೆಗೆ ಹೊಸದಾದರೂ ಮಕ್ಕಳ ಕೈಯಲ್ಲಿನ ಮೊಬೈಲಿನ ಚಿತ್ರಗಳಿಂದ ಕಣ್ಣಿಗೆ ಹಳತಾಗಿಬಿಟ್ಟಿವೆ. ಪ್ರವಾಸ ಸಂಸ್ಥೆಗಳ ಕರಪತ್ರದಲ್ಲಿ ‘ಶುದ್ಧ ಜೈನ ಭೋಜನ, ಜೊತೆಯಲ್ಲಿ ಅಡುಗೆಯ ಮಹಾರಾಜ್’ ಎಂಬ ಒಂದು ಸಾಲಿದ್ದರೆ ಸಾಕು, ಮನೆಯ ಹಿರಿಯರ ಬಾಯಿ ಕಟ್ಟಿದಂತಾಗುತ್ತದೆ. ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ, ಗಡ್ಡೆಗೆಣಸಿಲ್ಲ. ಇನ್ನೇನು ಅಧರ್ಮವಾಯಿತು ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ.

ಈ ಪ್ರಶ್ನೆಗೆ ಶ್ರಾವಕಾಚಾರವು ಸಾವಿರಾರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ. ಶ್ರಾವಕನ ವ್ರತಗಳು ಹನ್ನೆರಡು. ತಟ್ಟೆಯಲ್ಲಿ ಏನಿರಬೇಕು, ಏನಿರಬಾರದು ಎಂಬುದು ಅವುಗಳಲ್ಲಿ ಒಂದು ಭಾಗ ಮಾತ್ರ. ಕಾಲು ಎಲ್ಲಿಯವರೆಗೆ ಹೋಗಬೇಕು ಎಂಬುದೂ ಒಂದು ವ್ರತವೇ. ಅದೇ ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ನದಿ, ಬೆಟ್ಟ, ಸಮುದ್ರ, ಯೋಜನಗಳ ಗುರುತಿಟ್ಟು ‘ಇದರಾಚೆ ಹೋಗುವುದಿಲ್ಲ’ ಎಂದು ಗೃಹಸ್ಥನು ಜೀವನಪರ್ಯಂತ ನಿಶ್ಚಯಿಸಿಕೊಳ್ಳುತ್ತಾನೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವೂ ಇದನ್ನು ಗುಣವ್ರತಗಳಲ್ಲಿ ಮೊದಲನೆಯದಾಗಿ ಹೇಳುತ್ತವೆ. ಇದರ ಐದು ಅತಿಚಾರಗಳಲ್ಲಿ ಎರಡು ಇಂದು ವಿಶೇಷವಾಗಿ ಗಮನಾರ್ಹ: ಒಂದು ಕ್ಷೇತ್ರವೃದ್ಧಿ, ಅಂದರೆ ಹಾಕಿಕೊಂಡ ಗಡಿಯನ್ನು ಲೋಭದಿಂದ ವಿಸ್ತರಿಸುವುದು, ಇನ್ನೊಂದು, ಗಡಿ ಹಾಕಿಕೊಂಡದ್ದನ್ನೇ ಮರೆತುಬಿಡುವುದು. ಇಂದಿನ ಬಹುತೇಕ ಶ್ರಾವಕರಿಗೆ ಮರೆಯಲು ಸಹ ಗಡಿಯೊಂದಿಲ್ಲ. ಗಡಿಯನ್ನೇ ಹಾಕಿಕೊಳ್ಳದವನಿಗೆ ಅತಿಚಾರದ ಭಯವೆಲ್ಲಿಯದು?

ದಿಗ್ವ್ರತದ ತಿರುಳು ಹೊರದೇಶದ ದ್ವೇಷವಲ್ಲ. ಗಡಿಯ ಆಚೆಗಿನ ಜೀವರಾಶಿಗೆ ತನ್ನಿಂದ ಹಿಂಸೆಯಿಲ್ಲವೆಂಬ ಅಭಯ, ಗಡಿಯ ಆಚೆಗಿನ ಸಂಪತ್ತಿನ ಮೇಲೆ ತನಗೆ ಆಸೆಯಿಲ್ಲವೆಂಬ ನೆಮ್ಮದಿ, ಇವೆರಡೂ ಅದರ ಫಲ. ಬಳ್ಳಾರಿಯಲ್ಲಿ ಕುಳಿತವನಿಗೆ ಭೂಮಿಯ ಇನ್ನೊಂದು ಮಗ್ಗುಲಿನ ಕಡಲನ್ನು ನೋಡದಿದ್ದರೆ ಬದುಕೇ ಅಪೂರ್ಣ ಎನ್ನಿಸತೊಡಗಿದರೆ ಆ ನೆಮ್ಮದಿ ಹೋಯಿತು. ಟಿಕೆಟ್ಟು ಕೊಳ್ಳುವುದಕ್ಕೆ ಮೊದಲೇ ಹೋಯಿತು.

ವ್ರತಗಳು ಮುನಿಗಳಿಗೆ ಸರಿ, ಹಣವಂತ ಗೃಹಸ್ಥನಿಗೆ ಹೇಗೆ ಸಾಧ್ಯ ಎನ್ನುವವರು ಉಪಾಸಕದಶಾಂಗದ ಆನಂದ ಶ್ರಾವಕನ ಕಥೆಯನ್ನು ನೆನೆಯಬೇಕು. ವಾಣಿಜ್ಯಗ್ರಾಮದ ಆನಂದನು ಬಡವನಲ್ಲ. ನಾಲ್ಕು ಕೋಟಿ ಸುವರ್ಣ ಭಂಡಾರದಲ್ಲಿ, ನಾಲ್ಕು ಕೋಟಿ ಬಡ್ಡಿ ವ್ಯವಹಾರದಲ್ಲಿ, ನಾಲ್ಕು ಕೋಟಿ ಮನೆ-ಮಾರುಗಳಲ್ಲಿ ಇದ್ದ ಮಹಾವರ್ತಕ. ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ಅವನು ವ್ರತ ತೆಗೆದುಕೊಂಡಾಗ ಗಾಡಿಗಳನ್ನು ಎಣಿಸಿದನು. ದೇಶಾಂತರ ಪ್ರಯಾಣಕ್ಕೆ ಇಷ್ಟು, ಊರಿನ ಸಾಗಾಣಿಕೆಗೆ ಇಷ್ಟು ಎಂದು ಬೇರೆ ಬೇರೆ ಎಣಿಸಿದನು. ದೋಣಿಗಳನ್ನೂ ಹಾಗೆಯೇ ಎಣಿಸಿದನು. ಮೈಗೆ ಹಚ್ಚುವ ಎಣ್ಣೆಯವರೆಗೆ, ತಿನ್ನುವ ಹಣ್ಣಿನವರೆಗೆ ಮಿತಿ ಹಾಕಿಕೊಂಡನು. ಮನೆಗೆ ಬಂದು ಪತ್ನಿ ಶಿವಾನಂದೆಗೆ ತಿಳಿಸಿದನು. ಅವಳೂ ಹೋಗಿ ಹನ್ನೆರಡು ವ್ರತಗಳನ್ನು ಸ್ವೀಕರಿಸಿದಳು. ಜೈನ ಸಾಹಿತ್ಯದಲ್ಲಿ ದಂಪತಿಗಳು ಕೂಡಿ ಕೈಗೊಂಡ ಸಂತೋಷದ ಕಾರ್ಯಕ್ಕೆ ಇದಕ್ಕಿಂತ ಸುಂದರವಾದ ದೃಷ್ಟಾಂತವನ್ನು ಹುಡುಕುವುದು ಕಷ್ಟ. ಆನಂದನು ದೋಣಿಯನ್ನು ಬಿಡಲಿಲ್ಲ, ಎಣಿಸಿದನು. ಇಂದಿನ ಶ್ರಾವಕನಿಂದ ಕೇಳುವುದೂ ಇಷ್ಟೇ.

ಎಣಿಕೆಯೆಂದ ಮೇಲೆ ವರ್ತಕನ ಲೆಕ್ಕವನ್ನೇ ಹಿಡಿಯೋಣವಾಗಲಿ. ಬೆಂಗಳೂರಿನಿಂದ ರೋಮ್ ನಗರ ನೇರದಾರಿಯಲ್ಲಿ ಸುಮಾರು 7,000 ಕಿಲೋಮೀಟರು. ಹೋಗಿಬರಲು 14,000. ಇಂದಿನ ಒಳ್ಳೆಯ ವಿಮಾನವೂ ಒಬ್ಬ ಪ್ರಯಾಣಿಕನನ್ನು ನೂರು ಕಿಲೋಮೀಟರು ಒಯ್ಯಲು ಹೆಚ್ಚುಕಡಿಮೆ 3 ಲೀಟರು ಇಂಧನ ಸುಡುತ್ತದೆ. ಆ ಲೆಕ್ಕದಲ್ಲಿ ಒಬ್ಬರಿಗೆ 420 ಲೀಟರು, ದಂಪತಿಗಳಿಗೆ 840 ಲೀಟರು. ತೂಕದಲ್ಲಿ ಸುಮಾರು 670 ಕಿಲೋಗ್ರಾಂ. ಅಡುಗೆಮನೆಯ ಒಂದು ಸಿಲಿಂಡರಿನಲ್ಲಿರುವ ಅನಿಲ 14.2 ಕಿಲೋಗ್ರಾಂ. ಅಂದರೆ ದಂಪತಿಗಳಿಬ್ಬರ ಒಂದು ವಿಹಾರದಲ್ಲಿ ಆಕಾಶದಲ್ಲಿ ಉರಿಯುವುದು 47 ಸಿಲಿಂಡರುಗಳ ತೂಕದ ಇಂಧನ. ತಿಂಗಳಿಗೊಂದು ಸಿಲಿಂಡರು ಉರಿಸುವ ಮನೆಗೆ ಅದು ನಾಲ್ಕು ವರ್ಷದ ಒಲೆ. ವಿಮಾನ ಸುತ್ತು ದಾರಿ ಹಿಡಿದರೆ, ನಡುವೆ ಇಳಿದು ಹತ್ತಿದರೆ ಈ ಲೆಕ್ಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ತೇಜಸ್ಕಾಯ, ವಾಯುಕಾಯ ಜೀವಗಳನ್ನು ನಂಬುವ ಧರ್ಮ ಜಗತ್ತಿನಲ್ಲಿ ಜೈನಧರ್ಮದಂತೆ ಬೇರೊಂದಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆ ಅದು. ಗೃಹಸ್ಥನಿಗೆ ಸ್ಥಾವರ ಹಿಂಸೆ ಪೂರ್ಣವಾಗಿ ತಪ್ಪದೆಂಬುದು ನಿಜ. ಒಲೆ ಉರಿಯಲೇಬೇಕು, ಅಂಗಡಿಯ ಸರಕು ಲಾರಿಯಲ್ಲಿ ಬರಲೇಬೇಕು. ಆದರೆ ಪ್ರಯೋಜನವಿಲ್ಲದ ಹಿಂಸೆಗೆ ಆಚಾರ್ಯರು ಅನರ್ಥದಂಡವೆಂದು ಬೇರೆಯೇ ಹೆಸರಿಟ್ಟರು. ಅದರಲ್ಲಿ ಪ್ರಮಾದಚರ್ಯೆ ಎಂಬುದೊಂದು ಭೇದ. ನಿಷ್ಫಲವಾಗಿ ನೆಲ ಅಗೆಯುವುದು, ನೀರು ಕಲಕುವುದು, ಬೆಂಕಿ ಉರಿಸುವುದು, ಗಾಳಿ ಎಬ್ಬಿಸುವುದು, ಗಿಡ ಕಡಿಯುವುದು. ಇವುಗಳ ಜೊತೆಯಲ್ಲಿಯೇ ಸಮಂತಭದ್ರರು ಸುಮ್ಮನೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ಈರುಳ್ಳಿಯನ್ನು ಬಿಟ್ಟು 840 ಲೀಟರು ಇಂಧನವನ್ನು ಉಡಾಯಿಸುವವನು ಧರ್ಮದ ಸೂಜಿಯನ್ನು ಉಳಿಸಿಕೊಂಡು ಗಡಾರಿಯನ್ನು ಕಳೆದುಕೊಂಡವನು.

ಇನ್ನು ಆ ‘ಶುದ್ಧ ಜೈನ ಭೋಜನ’ದ ವಿಚಾರ. ಬುತ್ತಿಯ ಥೇಪ್ಲಾ, ಖಾಖ್ರಾ, ಚಟ್ನಿಪುಡಿ ಮೂರು ದಿನಕ್ಕೆ ಮುಗಿಯುತ್ತವೆ. ಮಹಾರಾಜನ ಒಲೆ ಎಲ್ಲ ಹೊಟೇಲುಗಳಲ್ಲಿ ಹೊತ್ತುವುದಿಲ್ಲ. ಆಮೇಲೆ ಉಳಿಯುವುದು ಆ ನಾಡಿನ ಊಟ. ಪಾರ್ಮೆಸಾನ್ ಚೀಸನ್ನು ಅದರ ನಿಯಮದ ಪ್ರಕಾರವೇ ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಚಿಂಕ್ವೆ ತೆರ್ರೆ ಇರುವ ಲಿಗೂರಿಯಾದ ಪ್ರಸಿದ್ಧ ಹಸಿರು ಪೆಸ್ತೊವಿನಲ್ಲಿ ಆ ಚೀಸೂ ಉಂಟು, ಬೆಳ್ಳುಳ್ಳಿಯೂ ಉಂಟು. ಅಮಾಲ್ಫಿ ತೀರದ ಚೆತಾರಾ ಎಂಬ ಊರು ಸಣ್ಣ ಮೀನನ್ನು ಉಪ್ಪಿನಲ್ಲಿ ಕೊಳೆಯಿಟ್ಟು ಇಳಿಸಿದ ರಸಕ್ಕೆ ಹೆಸರುವಾಸಿ. ಆ ತೀರದ ನಿಂಬೆಯ ಹೆಸರಿನಲ್ಲಿ ಕೊಡುವ ಲಿಮೊಂಚೆಲ್ಲೊ ಪಾನಕವಲ್ಲ, ಮದ್ಯ. ಬಳ್ಳಾರಿ ಸೀಮೆಯಲ್ಲಿ ಬೆಳೆಯುವ ಅಂಜೂರವನ್ನೇ ಪಂಚೋದುಂಬರಗಳಲ್ಲಿ ಎಣಿಸಿ ಮುಟ್ಟದ ಮನೆಯವರು ಅಲ್ಲಿ ಇವುಗಳ ನಡುವೆ ಪ್ರತಿಯೊಂದು ಹೊತ್ತೂ ವಿಚಾರಿಸಿ ವಿಚಾರಿಸಿ ತಿನ್ನಬೇಕು. ರಾತ್ರಿಭೋಜನ ತ್ಯಾಗದ ಮಾತು ಬೇರೆ. ಜೂನ್ ತಿಂಗಳಿನಲ್ಲಿ ಅಲ್ಲಿ ಸೂರ್ಯನು ಎಂಟೂವರೆಯ ತನಕ ಇರುವುದರಿಂದ ಹಗಲೂಟ ಸಾಧ್ಯವೆಂಬುದನ್ನು ಒಪ್ಪಬೇಕು. ಆದರೆ ವ್ರತವನ್ನು ಸೂರ್ಯನು ಉಳಿಸಿಕೊಟ್ಟನೇ ಹೊರತು ಪ್ರವಾಸವು ಉಳಿಸಿಕೊಡಲಿಲ್ಲ. ಸುಗ್ಗಿಯ ಪ್ರವಾಸಕಾಲ ಜುಲೈ, ಆಗಸ್ಟುಗಳಿಗೆ ದಾಟಿತೆಂದರೆ ಇತ್ತ ಚಾತುರ್ಮಾಸ ಆರಂಭವಾಗಿರುತ್ತದೆ. ಮುನಿಗಳು ನಿಂತಲ್ಲಿ ನಿಂತಿರುವಾಗ ಅವರಿಗೆ ಆಹಾರ ಕೊಡಬೇಕಾದ ಶ್ರಾವಕ ಕಡಲತೀರದಲ್ಲಿರುತ್ತಾನೆ.

ಆ ಕಡಲತೀರದ ಕಥೆಯನ್ನೂ ಕೇಳಬೇಕು. ಪೊಸಿಟಾನೊ ಮೀನುಗಾರರ ಒಂದು ಸಣ್ಣ ಊರು. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1953ರಲ್ಲಿ ಒಂದು ಪತ್ರಿಕೆಗೆ ಅದರ ಮೇಲೆ ಲೇಖನ ಬರೆದ ಮೇಲೆ ಅದು ಜಗತ್ತಿನ ಬಾಯಿಗೆ ಬಿತ್ತು. ಅಂದಿನ ಆ ಲೇಖನದ ಕೆಲಸವನ್ನು ಇಂದು ಸಿನಿಮಾಗಳೂ ತಾರೆಯರ ಮದುವೆಯ ಚಿತ್ರಗಳೂ ಮಾಡುತ್ತಿವೆ. ಚಿಂಕ್ವೆ ತೆರ್ರೆಯ ಎರಡು ಊರುಗಳ ನಡುವೆ ಸಮುದ್ರದ ಮೇಲಣ ಬಂಡೆಯಲ್ಲಿ ಕೊರೆದ ಒಂದು ಕಾಲುದಾರಿಗೆ ‘ಪ್ರೇಮದ ದಾರಿ’ ಎಂದೇ ಹೆಸರು. 2012ರಲ್ಲಿ ಬಂಡೆ ಕುಸಿದು ಪ್ರವಾಸಿಗಳು ಗಾಯಗೊಂಡುದರಿಂದ ಮುಚ್ಚಿದ ಆ ದಾರಿಯನ್ನು ಮತ್ತೆ ತೆರೆದದ್ದು 2024ರಲ್ಲಿ, ಅದೂ ಟಿಕೆಟ್ಟಿಟ್ಟು. ಅಮಾಲ್ಫಿಯ ಇಕ್ಕಟ್ಟಾದ ರಸ್ತೆಯಲ್ಲಿ ಪ್ರವಾಸಿ ವಾಹನಗಳ ದಟ್ಟಣೆ ತಾಳಲಾರದೆ 2022ರಿಂದ ಬೇಸಿಗೆಯಲ್ಲಿ ಸಮ-ಬೆಸ ಸಂಖ್ಯೆಯ ನಿಯಮ ತರಬೇಕಾಯಿತು. ವೆನಿಸ್ ನಗರವು 2024ರಲ್ಲಿ ಒಂದು ದಿನಕ್ಕೆಂದು ಬಂದುಹೋಗುವವರ ಮೇಲೆ 5 ಯೂರೋ ಸುಂಕ ಹಾಕಿತು. ‘ಸಾಕಪ್ಪಾ, ಬರಬೇಡಿ’ ಎಂದು ಊರುಗಳೇ ಕೈಮುಗಿಯುತ್ತಿರುವ ಕಾಲವಿದು.

ಇಲ್ಲಿ ಜೈನ ಸಮಾಜವು ತನ್ನದೇ ಮಾತನ್ನು ನೆನಪಿಗೆ ತಂದುಕೊಳ್ಳಬೇಕು. 2022ರ ಡಿಸೆಂಬರಿನಲ್ಲಿ ಸಮ್ಮೇದ ಶಿಖರ್ಜಿಯನ್ನು ಪ್ರವಾಸಿ ತಾಣವನ್ನಾಗಿ ಮಾಡಬಾರದೆಂದು ದೇಶದಾದ್ಯಂತ ಜೈನರು ಬೀದಿಗಿಳಿದರು. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಲ್ಲಿ ವಿಹಾರಿಗಳ ಗದ್ದಲ, ಮದ್ಯ, ಮಾಂಸ ಕೂಡದೆಂಬ ಕೂಗು ನ್ಯಾಯವಾದದ್ದು. 2023ರ ಜನವರಿ 5ರಂದು ಕೇಂದ್ರ ಸರಕಾರವು ಅಲ್ಲಿನ ಪ್ರವಾಸೋದ್ಯಮದ ಚಟುವಟಿಕೆಗಳನ್ನು ತಡೆಹಿಡಿಯಿತು. ತನ್ನ ಪವಿತ್ರ ಬೆಟ್ಟ ಪರರ ವಿನೋದದ ಅಂಗಳವಾಗಬಾರದೆಂದು ಬೇಡಿದ ಸಮಾಜ, ಪರರ ಮನೆಯಂಗಳ ತನ್ನ ವಿನೋದದ ತಾಣವಾಗಲೆಂದು ಬಯಸುವುದು ಯಾವ ನ್ಯಾಯ? ಅಲ್ಲಿ ಬೆಟ್ಟವಿರಲಿಲ್ಲ, ನಿರ್ವಾಣಭೂಮಿಯಿರಲಿಲ್ಲ ಎನ್ನಬಹುದು. ಅಲ್ಲಿಯೂ ಮನೆಗಳಿವೆ, ಮುದುಕರಿದ್ದಾರೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಅವರ ನೆಮ್ಮದಿಯೂ ಜೀವಗಳ ನೆಮ್ಮದಿಯೇ.

ಪ್ರತಿವಾದಿಗಳ ಮಾತುಗಳನ್ನು ಬದಿಗೊತ್ತುವುದು ಅನೇಕಾಂತಕ್ಕೆ ತಕ್ಕುದಲ್ಲ. ಅವರ ಮೊದಲ ಮಾತು: ‘ನಮ್ಮ ದುಡಿಮೆಯ ಹಣ, ನಮ್ಮಿಷ್ಟ.’ ದುಡಿಮೆ ಯಾರೊಬ್ಬರದ್ದೂ ಒಂಟಿ ದುಡಿಮೆಯಲ್ಲ. ಬಳ್ಳಾರಿಯ ಜೀನ್ಸಿನ ಹಿಂದೆ ಪೀಸಿನ ಲೆಕ್ಕದಲ್ಲಿ ಹೊಲಿಯುವ ಕೈಗಳಿವೆ. ಸಿರುಗುಪ್ಪದ ಅಕ್ಕಿಯ ಹಿಂದೆ ತುಂಗಭದ್ರೆಯ ಕಾಲುವೆಯಿದೆ, ರೈತನಿದ್ದಾನೆ, ಹಮಾಲನಿದ್ದಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ, ಆ ಸೀಮೆಯ ಬೇಸಾಯ ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿದೆಯೆಂಬುದು ಎಲ್ಲರಿಗೂ ಕಂಡಿತು. ಹೊಲಿಗೆಯವನ ಕೂಲಿ, ಹಮಾಲನ ಬಾಕಿ ‘ಮುಂದಿನ ವಾರ’ಕ್ಕೆ ನಿಂತಿರುವಾಗ ಯಜಮಾನನ ವಿಮಾನ ಏರಿದರೆ ಆ ಹಣ ಇಷ್ಟದ ಹಣವಲ್ಲ, ಅನ್ಯರ ಹಣ. ಸಾಲ ತೆಗೆದು, ಕಂತು ಕಟ್ಟುತ್ತ ಹೋಗುವ ಕಿರಿಯ ದಂಪತಿಗಳ ವಿಷಯ ಇನ್ನೂ ಶೋಚನೀಯ. ಮುಗಿದುಹೋದ ಹತ್ತು ದಿನಗಳಿಗೆ ಮುಂದಿನ ಮೂವತ್ತಾರು ತಿಂಗಳು ತೆರುವುದು ಯಾವ ವಣಿಕ ಬುದ್ಧಿ?

ಎರಡನೆಯ ಮಾತು: ‘ಜೈನರು ಹಿಂದೆಯೂ ಸಮುದ್ರ ದಾಟಲಿಲ್ಲವೇ?’ ದಾಟಿದ್ದಾರೆ. 1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಆಹ್ವಾನ ಬಂದದ್ದು ಆತ್ಮಾರಾಮಜೀ ಮಹಾರಾಜರಿಗೆ. ಮುನಿಧರ್ಮದ ನಿಯಮದಿಂದಾಗಿ ತಾವು ಹೋಗಲಾರದೆ ಅವರು ವೀರಚಂದ ರಾಘವಜೀ ಗಾಂಧಿಯವರನ್ನು ಸಿದ್ಧಗೊಳಿಸಿ ಕಳುಹಿಸಿದರು. ಆ ಶ್ರಾವಕನು ಅಲ್ಲಿ ಜಿನಧರ್ಮವನ್ನು ಸಾರಿದನು. ಮುಂದೆ ಭಾರತದಲ್ಲಿ ಕ್ಷಾಮ ಬಂದಾಗ ಅಮೆರಿಕದಿಂದ ಧಾನ್ಯ ಕಳುಹಿಸಲು ದುಡಿದನು. ಪ್ರಯೋಜನವುಳ್ಳ ಪ್ರಯಾಣಕ್ಕೂ ಪ್ರಯೋಜನವಿಲ್ಲದ ತಿರುಗಾಟಕ್ಕೂ ಇರುವ ಅಂತರ ಇದೇ. ಅಮಾಲ್ಫಿಯವರೂ ಒಂದು ಕಾಲದಲ್ಲಿ ವರ್ತಕರೇ. ಪೂರ್ವದೇಶಗಳೊಡನೆ ಹಡಗಿನ ವ್ಯಾಪಾರ ನಡೆಸಿದ ಆ ಊರಿನ ವರ್ತಕರು 11ನೆಯ ಶತಮಾನದಲ್ಲಿ ಜೆರೂಸಲೇಮಿನಲ್ಲಿ ರೋಗಿಗಳಿಗೂ ಯಾತ್ರಿಕರಿಗೂ ಒಂದು ಆರೈಕೆಯ ಮನೆಯನ್ನು ಕಟ್ಟಿಸಿದರು. ಅಮಾಲ್ಫಿಯ ನಿಂಬೆಯ ತೋಟವನ್ನು ನೋಡಬೇಕೆನ್ನುವ ವರ್ತಕನಿಗೆ ಅಮಾಲ್ಫಿಯ ವರ್ತಕನ ಈ ಕಾರ್ಯವು ತಿಳಿದಿರುವುದು ಒಳ್ಳೆಯದು. ಅದನ್ನು ಅನುಸರಿಸಲು ವೀಸಾ ಬೇಕಾಗಿಲ್ಲ.

ಮೂರನೆಯ ಮಾತು ಎಲ್ಲಕ್ಕಿಂತ ಭಾರವಾದದ್ದು: ‘ಇಪ್ಪತ್ತೈದು ವರ್ಷ ಅಡುಗೆಮನೆಯಲ್ಲಿ ಬೆವರು ಸುರಿಸಿದ ಹೆಣ್ಣುಮಗಳಿಗೆ ಹತ್ತು ದಿನದ ಬಿಡುವೂ ಬೇಡವೇ?’ ಬೇಕು. ಹತ್ತು ದಿನವಲ್ಲ, ಪ್ರತಿ ವಾರವೂ ಬೇಕು. ಇಪ್ಪತ್ತೈದು ವರ್ಷ ಬಿಡುವು ಕೊಡದ ಮನೆ ಒಮ್ಮೆ ಇಟಲಿ ತೋರಿಸಿದರೆ ಸಾಲ ತೀರಿತೆಂದು ತಿಳಿಯುವುದೇ ಅನ್ಯಾಯ. ಯಜಮಾನನು ವರ್ಷದ ಎಲ್ಲ ಅಷ್ಟಮಿ-ಚತುರ್ದಶಿಗಳಂದು ಅಂಗಡಿ ಬೇಗ ಮುಚ್ಚಿ ಮನೆಗೆ ಬರಲಿ. ಮನೆಯ ಲೆಕ್ಕಪತ್ರ, ಆಸ್ತಿ, ವಿಮೆಗಳ ವಿವರ ಪತ್ನಿಗೆ ತಿಳಿದಿರಲಿ. ಅತ್ತೆ-ಮಾವಂದಿರ ಆರೈಕೆಯಲ್ಲಿ ಗಂಡುಮಕ್ಕಳೂ ಕೈ ಹಚ್ಚಲಿ. ಅದು ಪ್ರೀತಿ. ಕಡಲನ್ನು ನೋಡುವ ಆಸೆಯಾದರೆ ಕರಾವಳಿ ಕರ್ನಾಟಕದಲ್ಲಿಯೇ ಇದೆ. ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಬಾಹುಬಲಿ, ಹತ್ತಿರದಲ್ಲಿಯೇ ಅರಬ್ಬೀ ಸಮುದ್ರ. ಅಷ್ಟು ದೂರವೂ ಬೇಡವೆಂದರೆ ಹಂಪೆಯಿದೆ. ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಕುಂಥುಜಿನನಾಥ ಚೈತ್ಯಾಲಯ, ಜನರ ಬಾಯಲ್ಲಿ ಗಾಣಗಿತ್ತಿ ಗುಡಿ, ಬಳ್ಳಾರಿಯಿಂದ ಅರೆದಿನದ ದಾರಿ. ಅದರ ದೀಪಸ್ತಂಭದ ಮುಂದೆ ಒಮ್ಮೆಯೂ ಕುಳಿತಿರದ ಬಳ್ಳಾರಿಯ ಜೈನ ದಂಪತಿಗಳು ಪೊಸಿಟಾನೊವಿನ ಮೆಟ್ಟಿಲುಗಳ ಎಣಿಕೆಯನ್ನು ಬಲ್ಲವರಾಗಿರುವುದು ನಗೆಗೂ ಖೇದಕ್ಕೂ ಕಾರಣ.

ಇನ್ನೂ ಒಂದು ದೋಷವಿದೆ. ಅದು ಪ್ರವಾಸ ಮುಗಿದ ಮೇಲೂ ಮುಗಿಯುವುದಿಲ್ಲ. ದೇಶವ್ರತದ ಅತಿಚಾರಗಳಲ್ಲಿ ರೂಪಾನುಪಾತ ಎಂಬುದೊಂದುಂಟು: ಗಡಿಯೊಳಗೆ ಕುಳಿತು ಗಡಿಯಾಚೆಯವರಿಗೆ ತನ್ನ ರೂಪವನ್ನು ತೋರಿಸಿ ಕೆಲಸ ಸಾಧಿಸುವುದು. ಇಂದು ಅದು ತಿರುಗುಮುರುಗಾಗಿದೆ. ಗಡಿಯ ಆಚೆ ನಿಂತು ಊರಿನವರಿಗೆಲ್ಲ ವಾಟ್ಸಾಪಿನಲ್ಲಿ ತಮ್ಮ ರೂಪವನ್ನು ತೋರಿಸುವುದೇ ಪ್ರವಾಸದ ಮುಖ್ಯ ಕಾರ್ಯವಾಗಿದೆ. ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಸಮಂತಭದ್ರರು ವಿಸ್ಮಯವನ್ನೂ ಎಣಿಸಿದ್ದಾರೆ. ಅಂದರೆ ಪರರ ವೈಭವವನ್ನು ಕಂಡು ಬೆರಗಾಗಿ ಹಂಬಲಿಸುವುದು. ತೋರಿಸುವವನ ದೋಷವು ನೋಡುವವನ ದೋಷಕ್ಕೆ ತಾಯಿಯಾಗುತ್ತದೆ. ಒಂದು ಮನೆಯ ಚಿತ್ರ ಹತ್ತು ಮನೆಗಳಲ್ಲಿ ಅತೃಪ್ತಿಯನ್ನು ಬಿತ್ತುತ್ತದೆ. ಕುರುಗೋಡಿನ ಸಣ್ಣ ಅಂಗಡಿಯವನ ಮಗನು ತನ್ನ ತಂದೆಯನ್ನು ಅಸಮರ್ಥನೆಂದು ಭಾವಿಸತೊಡಗುತ್ತಾನೆ.

ಆದ್ದರಿಂದ ದೇವಾಲಯ ಮತ್ತು ಬಸದಿ ಟ್ರಸ್ಟುಗಳ ಹೊಣೆ ದೊಡ್ಡದು. ಪ್ರವಾಸ ಸಂಸ್ಥೆಗಳ ಪ್ರಚಾರ ಸಭೆಗೆ ಟ್ರಸ್ಟಿನ ಭವನವನ್ನು ಕೊಡಬಾರದು. ‘ಜೈನ ಭೋಜನ’ ಎಂಬ ಮಾತ್ರಕ್ಕೆ ಯಾವ ವಿಹಾರಕ್ಕೂ ಟ್ರಸ್ಟಿನ ಸೂಚನಾ ಫಲಕದಲ್ಲಿ ಜಾಗ ಸಲ್ಲದು. ವಿವಾಹದ 25 ಅಥವಾ 50 ವರ್ಷ ತುಂಬಿದ ದಂಪತಿಗಳನ್ನು ಬಸದಿಗೆ ಕರೆದು, ಶಾಲು-ಹಾರಗಳ ಬದಲು, ಅವರಿಬ್ಬರೂ ಕೂಡಿ ದಿಕ್ಕು, ಪರಿಗ್ರಹ, ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವ ವ್ರತಸ್ವೀಕಾರವನ್ನು ಏರ್ಪಡಿಸಬೇಕು. ಪಾಠಶಾಲೆಯಲ್ಲಿ ಮಕ್ಕಳಿಗೆ ಗಡ್ಡೆಗೆಣಸಿನ ಪಟ್ಟಿಯನ್ನು ಕಲಿಸುವಷ್ಟೇ ಶ್ರದ್ಧೆಯಿಂದ ದಿಗ್ವ್ರತ, ಅನರ್ಥದಂಡಗಳನ್ನೂ ಕಲಿಸಬೇಕು. ಟ್ರಸ್ಟುಗಳು ನಡೆಸುವ ತೀರ್ಥಯಾತ್ರೆಗಳಿಗೂ ಇದೇ ಅಳತೆ ಸಲ್ಲಬೇಕು. ಕ್ಷೇತ್ರದಲ್ಲಿ ಒಂದು ಗಂಟೆ, ಪೇಟೆಯಲ್ಲಿ ಮೂರು ಗಂಟೆ ಕಳೆಯುವ ಯಾತ್ರೆಯೂ ವಿಹಾರವೇ.

ಇಷ್ಟಾದರೂ ಹೋಗಲೇಬೇಕೆನ್ನುವವರು ಇರುತ್ತಾರೆ. ಅವರನ್ನು ಸಮಾಜವು ಹೊರಗಿಡಬೇಕಾಗಿಲ್ಲ. ಬಹಿಷ್ಕಾರ ಜೈನರ ಮಾರ್ಗವಲ್ಲ. ಆದರೆ ಅವರು ಟಿಕೆಟ್ಟಿಗೆ ಮೊದಲು ಗಡಿಯನ್ನು ನಿಶ್ಚಯಿಸಲಿ: ಜೀವನದಲ್ಲಿ ಇಂತಹ ಪ್ರಯಾಣ ಒಂದೇ ಬಾರಿ, ಇದರಾಚೆ ಇಲ್ಲ ಎಂದು. ಕೂಲಿಯವರ, ಸಾಲಗಾರರ ಬಾಕಿಯನ್ನು ಪೂರ್ತಿ ತೀರಿಸಿದ ಮೇಲೆ ಹೊರಡಲಿ. ಸಾಲ ಮಾಡಿ ಹೋಗದಿರಲಿ. ಚಾತುರ್ಮಾಸವನ್ನು ಬಿಡಲಿ. ತಮ್ಮ ವಿಹಾರಕ್ಕೆ ವೆಚ್ಚ ಮಾಡುವಷ್ಟೇ ಹಣವನ್ನು ವೈಯಾವೃತ್ತ್ಯಕ್ಕೆ, ರೋಗಿಗಳ ಔಷಧಕ್ಕೆ, ಬಡ ವಿದ್ಯಾರ್ಥಿಗಳ ಶುಲ್ಕಕ್ಕೆ ಹೆಸರಿಲ್ಲದೆ ಕೊಡಲಿ. ಹೋಗಿಬಂದ ಮೇಲೆ ಚಿತ್ರಗಳನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿ. ಈ ನಿಬಂಧನೆಗಳನ್ನು ಪಾಲಿಸಿ ಹೋಗಬಲ್ಲವನಿಗೆ ಹೋಗುವ ಅರ್ಹತೆಯಿದೆ. ಪಾಲಿಸಲು ಕುಳಿತವರಲ್ಲಿ ಅನೇಕರಿಗೆ ಹೋಗುವ ಹಂಬಲವೇ ಉಳಿಯಲಾರದು.

ಆನಂದನೂ ಶಿವಾನಂದೆಯೂ ತಮ್ಮ ದೋಣಿಗಳನ್ನು ಎಣಿಸಿದ ದಿನ ಅವರ ಸಂಪತ್ತು ಕಡಿಮೆಯಾಗಲಿಲ್ಲ, ಬಯಕೆ ಕಡಿಮೆಯಾಯಿತು. ಕೂಡಿ ಬಾಳಿದವರು ಕೂಡಿ ಮಿತಿಗೆ ಬರುವುದೇ ಗೃಹಸ್ಥನ ನಿಜವಾದ ಉತ್ಸವ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಟ್ರಸ್ಟುಗಳು ಬರುವ ಪರ್ಯುಷಣ ಹಾಗೂ ದಶಲಕ್ಷಣ ಪರ್ವಗಳಲ್ಲಿ ಈ ವಿಚಾರವನ್ನು ಸಭೆಯ ಮುಂದಿಡಲಿ.